‘ಥಿಯರ್ಜಿ’ಗೆ ‘ದೇವಕಾರ್ಯ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಪ್ಲೇಟೋನ ವಿಚಾರಗಳನ್ನು ಮುಂದುವರಿಸಿದ ಪ್ರಾಚೀನ ತತ್ವಪಂಥವಾದ ನವಪ್ಲೇಟೋವಾದದ ಮೇಲಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೇವರೊಡನೆ ಕೂಡಲು ಮಾಡುವ ಕರ್ಮಕ್ಕೆ ಆ ಪಂಥದವರು ಬಳಸಿದ ‘ಥಿಯರ್ಜಿ’ ಎಂಬ ಪದದ ಹತ್ತಿರ ಒಂದು ವಾರದಿಂದ ನಿಂತುಬಿಟ್ಟಿದ್ದೇನೆ. ನನ್ನ ಬಳಿಯಿರುವ ನಿಘಂಟು ‘ಮಾಟ, ಮಂತ್ರವಿದ್ಯೆ’ ಎನ್ನುತ್ತದೆ. ಅದನ್ನು ಒಪ್ಪಲಾರೆ. ಗ್ರೀಕಿನಲ್ಲಿ ‘ಥಿಯೋಸ್’ ಎಂದರೆ ದೇವರು, ‘ಎರ್ಗಾನ್’ ಎಂದರೆ ಕೆಲಸ. ಮಾಟಕ್ಕೆ ‘ಗೊಯೆಟಿಯಾ’ ಎಂಬ ಬೇರೆ ಮಾತೇ ಇತ್ತು. ಎರಡನ್ನೂ ಪಿಶಾಚಿಗಳ ಲೆಕ್ಕಕ್ಕೆ ಸೇರಿಸಿದವನು ಕ್ರೈಸ್ತ ಸಂತ ಅಗಸ್ಟೀನ್. ಎದುರಾಳಿಯ ಆರೋಪವನ್ನೇ ಪದದ ಅರ್ಥವೆಂದು ಬರೆಯುವುದು ಹೇಗೆ?

ದೇವತೆಗಳಿಗೆ ಮನುಷ್ಯರು ಅಪ್ಪಣೆ ಕೊಡುವುದು ಸಾಧ್ಯವೇ ಎಂದು ನವಪ್ಲೇಟೋವಾದಿ ತತ್ವಜ್ಞಾನಿ ಪೊರ್ಫಿರಿ ಕೇಳಿದ್ದ. ಸುಮಾರು ಕ್ರಿ.ಶ. 300ರ ಹೊತ್ತಿಗೆ ಸಿರಿಯಾದ ಇಯಾಂಬ್ಲಿಕಸ್ ಉತ್ತರ ಬರೆದ: ಬರೀ ಚಿಂತನೆಯಿಂದ ದೇವರೊಡನೆ ಕೂಡಲಾಗದು, ಕರ್ಮ ಬೇಕು, ಕೈ ಮನುಷ್ಯನದಾದರೂ ಅಲ್ಲಿ ನಡೆಯುವ ಕೆಲಸ ದೇವರದೇ.

ಅದಕ್ಕೇ ‘ದೇವಕಾರ್ಯ’ ಹೊಳೆದದ್ದು. ಆದರೆ ನಮ್ಮ ಮನೆಯಲ್ಲಿ ‘ನಾಳೆ ದೇವಕಾರ್ಯ ಇದೆ’ ಅಂದರೆ ದೇವರಿಗಾಗಿ ನಾವು ಮಾಡುವ ಪೂಜೆ, ಊಟ. ಇಲ್ಲಿ ಬೇಕಾದ್ದು ದೇವರೇ ಮಾಡುವ ಕಾರ್ಯ. ಸಮಾಸ ಎರಡಕ್ಕೂ ಒಗ್ಗುತ್ತದೆ, ಕಿವಿ ಮಾತ್ರ ಮೊದಲನೆಯದಕ್ಕೇ ವಾಲುತ್ತದೆ. ‘ದೈವಕ್ರಿಯೆ’ ಎಂದರೆ ಕರಾವಳಿಯವರಿಗೆ ಭೂತಕೋಲ ನೆನಪಾದೀತು.

ಇನ್ನೊಂದು ಪದ ‘ಸಿಂಥೆಮ’. ಕಲ್ಲು, ಗಿಡ, ಪ್ರಾಣಿಗಳಲ್ಲಿ ದೇವರು ಇಟ್ಟ ಗುರುತು. ಅದೇ ಪಂಥದ, 5ನೆಯ ಶತಮಾನದ ಪ್ರೊಕ್ಲಸ್ ಇದಕ್ಕೆ ತಾವರೆಯನ್ನು ತೋರಿಸುತ್ತಾನೆ. ಸೂರ್ಯ ಮೂಡುವ ಮುನ್ನ ಅದು ಮುಚ್ಚಿಕೊಂಡಿರುತ್ತದೆ, ಅವನು ಏರಿದಂತೆ ಎಸಳು ಬಿಚ್ಚುತ್ತದೆ, ಇಳಿದಂತೆ ಮತ್ತೆ ಮಡಿಚಿಕೊಳ್ಳುತ್ತದೆ. ಮನುಷ್ಯ ತುಟಿ ತೆರೆದು ಮುಚ್ಚಿ ಸೂರ್ಯನನ್ನು ಸ್ತುತಿಸುವುದಕ್ಕೂ ಇದಕ್ಕೂ ಏನು ಭೇದ ಎಂದು ಕೇಳುತ್ತಾನೆ. ಎಷ್ಟು ಚೆಂದದ ಮಾತು! ‘ಸಂಕೇತ’ ಎಂದರೆ ಜನ ತಮ್ಮೊಳಗೆ ಮಾಡಿಕೊಂಡ ಒಪ್ಪಂದದಂತಾಗುತ್ತದೆ. ಇಷ್ಟಲಿಂಗವನ್ನು ‘ಅರಿವಿನ ಕುರುಹು’ ಎನ್ನುತ್ತೇವಲ್ಲ, ಆ ‘ಕುರುಹು’ ಇಲ್ಲಿ ಸರಿಹೋಗುತ್ತದೆ ಅನ್ನಿಸಿದೆ.

ಇವು ಸತ್ತ ಪದಗಳಲ್ಲ. ಹಳೆಯ ದೇವತೆಗಳಿಗೆ ನಡೆದುಕೊಳ್ಳುವ ಇಂದಿನ ಪೇಗನ್ನರಲ್ಲಿ ಕೆಲವರು ತಮ್ಮ ಪೂಜೆಯನ್ನು ಥಿಯರ್ಜಿ ಎಂದೇ ಕರೆಯುತ್ತಾರೆ. ವಿಕ್ಕಾ ಎಂಬ ಇಂದಿನ ಪೇಗನ್ ಪಂಥದವರ ‘ಚಂದ್ರನನ್ನು ಇಳಿಸುವ’ ವಿಧಿಯಲ್ಲಿ ದೇವಿ ಪೂಜಾರಿಣಿಯ ಮೈಮೇಲೆ ಬರುತ್ತಾಳೆ. ಬದುಕಿರುವ ಜನರ ಪೂಜೆಯನ್ನು ‘ಮಾಟ’ವೆಂದು ಬರೆದು ಅಚ್ಚಿಗೆ ಕಳಿಸಲು ಮನಸ್ಸು ಬಾರದು.

ದೇವರೇ ಮಾಡುವ ಕೆಲಸ ಎಂಬ ಅರ್ಥದಲ್ಲಿ ‘ದೇವಕಾರ್ಯ’ವನ್ನು ನಿಮ್ಮ ಕಡೆ ಬಳಸುತ್ತಾರೆಯೇ? ಇಲ್ಲದಿದ್ದರೆ ಬೇರೆ ಯಾವ ಮಾತಿದೆ?