ಅಡುಗೆಮನೆ ಕಟ್ಟೆಯ ಸಂದಿನಲ್ಲಿ ಕಪ್ಪಾದ ಸಿಲಿಕೋನ್, ಟೈಲ್ಸ್ ನಡುವೆ ಬಿರುಕುಬಿಟ್ಟ ಗ್ರೌಟ್

ಪ್ರಶ್ನೆ:
ಮಂಗಳೂರಿನಲ್ಲಿರುವ ನಮ್ಮ ಫ್ಲ್ಯಾಟ್‌ಗೆ ಒಂಬತ್ತು ವರ್ಷವಾಗಿದೆ. ಗ್ರಾನೈಟ್ ಕಟ್ಟೆಯೂ ಗೋಡೆಯ ಟೈಲ್ಸೂ ಕೂಡುವ ಸಂದಿಗೆ ಹಾಕಿದ್ದ ಬಿಳಿ ಸಿಲಿಕೋನ್ ಒಲೆಯ ಹಿಂದೆ ಒಗ್ಗರಣೆಯ ಜಿಡ್ಡಿಗೆ ಹಳದಿಯಾಗಿದೆ. ಸಿಂಕಿನ ಬಳಿ ಬೂಷ್ಟು ಹಿಡಿದು ಕಪ್ಪಾಗಿದೆ. ಬ್ಲೀಚ್ ಹಾಕಿ ಉಜ್ಜಿದರೂ ಕಪ್ಪು ಪೂರ್ತಿ ಹೋಗುವುದಿಲ್ಲ. ಟೈಲ್ಸ್ ನಡುವಿನ ಗ್ರೌಟ್ (ಸಂದು ತುಂಬುವ ಗಾರೆ) ಕೂಡ ಅಲ್ಲಲ್ಲಿ ಬಿರುಕುಬಿಟ್ಟು, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಕಳೆದ ದೀಪಾವಳಿಗೆ ಬಂದಿದ್ದ ಮೇಸ್ತ್ರಿಯವರು, ಸಿಲಿಕೋನ್ ಎದ್ದುಬಂದಿದ್ದ ಕಟ್ಟೆಯ ಸಂದನ್ನೂ ಬಿಡದೆ, ಎಲ್ಲ ಕಡೆಗೂ ಬಿಳಿ ಸಿಮೆಂಟ್ ಸವರಿದರು; ಯುಗಾದಿಯ ಹೊತ್ತಿಗೆ ಅದರಲ್ಲೂ ಕೂದಲೆಳೆಯಂಥ ಬಿರುಕು ಕಾಣಿಸಿತು. ಟೈಲ್ಸ್ ಕೀಳದೆ ಇದನ್ನು ಸರಿಪಡಿಸಬಹುದೇ?

ಉತ್ತರ 1:
ಸರಿಪಡಿಸಬಹುದು. ಆದರೆ ಆ ಎರಡು ಬಗೆಯ ಸಂದುಗಳಿಗೆ ಒಂದೇ ಮದ್ದು ನಡೆಯುವುದಿಲ್ಲ. ಕಟ್ಟೆ ಮತ್ತು ಗೋಡೆ ಬಿಸಿಗೆ, ಭಾರಕ್ಕೆ ಬೇರೆ ಬೇರೆಯಾಗಿ ಸ್ವಲ್ಪ ಸ್ವಲ್ಪವೇ ಅಲುಗುವುದರಿಂದ, ಅವು ಕೂಡುವ ಕಡೆ ಸಿಮೆಂಟಿನಂಥ ಗಡುಸು ವಸ್ತು ಏನೇ ತುಂಬಿದರೂ ಸೀಳುತ್ತದೆ. ಅಲ್ಲಿ ಎಳೆದರೆ ಬಗ್ಗುವ ಸಿಲಿಕೋನೇ ಬೇಕು. ಬೂಷ್ಟು ಸಿಲಿಕೋನಿನ ಒಳಕ್ಕೂ ಅಡಿಗೂ ಇಳಿದಿದ್ದರೆ ಬ್ಲೀಚ್ ಅದನ್ನು ಮುಟ್ಟುವುದಿಲ್ಲ. ಹಳೆಯದರ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಅಂಟದ ಕಾರಣ, ಕಟರ್ ಬ್ಲೇಡಿನಿಂದ ಪೂರ್ತಿಯಾಗಿ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಒಂದು ದಿನ ಒಣಗಲು ಬಿಡಿ. ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಸಿಲಿಕೋನ್ ಎಳೆದು, ಸೋಪುನೀರಿನಲ್ಲಿ ಅದ್ದಿದ ಬೆರಳನ್ನು ಒಂದೇ ಎಳೆತದಲ್ಲಿ ಸವರಿ, ಕೆನೆಗಟ್ಟುವ ಮೊದಲೇ ಟೇಪ್ ಕಿತ್ತುಬಿಡಿ. ತಡವಾದರೆ ಅಂಚು ಹರಿದು ಬರುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಕಲ್ಲಿಗೆ ನ್ಯೂಟ್ರಲ್ (ಆಮ್ಲ ಬಿಡದ) ಬಗೆಯದು, ಅದರಲ್ಲೂ ಬೂಷ್ಟುನಿರೋಧಕವಾದದ್ದು ಉತ್ತಮ. 24 ಗಂಟೆ ಕಾಲ ನೀರು ಸೋಕಬಾರದು.

ಉತ್ತರ 2:
ಗ್ರೌಟಿನ ಬಗ್ಗೆ ಹೇಳುವುದಾದರೆ, ಬಿರುಕಿನ ಮೇಲೆ ತೆಳ್ಳಗೆ ಸವರಿದ್ದು ಹಪ್ಪಳದಂತೆ ಏಳುತ್ತದೆ. ತಮ್ಮ ಮೇಸ್ತ್ರಿಯವರು ಮಾಡಿದ್ದೂ ಅದನ್ನೇ. ಹಳೆಯ ಗ್ರೌಟನ್ನು ಟೈಲ್ಸಿನ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟು ಆಳಕ್ಕೆ ಕೆರೆದು ತೆಗೆದ ಮೇಲೆಯೇ ಹೊಸದನ್ನು ತುಂಬಬೇಕು. ಸಿಮೆಂಟ್ ಗ್ರೌಟ್ ಬಳಸುವುದಾದರೆ ಪೊಟ್ಟಣದ ಮೇಲಿರುವ ಅಳತೆಗಿಂತ ನೀರು ಹೆಚ್ಚಿಸಬೇಡಿ, ನೀರಾದ ಗ್ರೌಟ್ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಒಲೆಯ ಹಿಂದೆ ಮಾತ್ರ, ಬೆಲೆ ಹೆಚ್ಚಾದರೂ, ನಾನು ಎಪಾಕ್ಸಿ (ರಾಳದಿಂದಾದ) ಗ್ರೌಟನ್ನೇ ಆರಿಸುತ್ತೇನೆ, ಏಕೆಂದರೆ ಅದು ಎಣ್ಣೆಯನ್ನು ಹೀರುವುದಿಲ್ಲ. ಕಲಸಿದ ಮೇಲೆ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿ. ಇದಕ್ಕೆಲ್ಲ ಮೊದಲು ಪ್ರತಿ ಟೈಲ್ಸನ್ನೂ ನಾಣ್ಯದಿಂದ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ಟೈಲ್ಸೇ ಗೋಡೆ ಬಿಟ್ಟಿದೆ ಎಂದರ್ಥ.

ಉತ್ತರ 3:
ಬ್ಲೀಚ್ ಹಾಕಿದ ಜಾಗಕ್ಕೆ ಬಚ್ಚಲು ತೊಳೆಯುವ ಆ್ಯಸಿಡ್ ಹಾಕಲೇಬೇಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಸಾಲದ್ದಕ್ಕೆ ಆ್ಯಸಿಡ್ ಸಿಮೆಂಟ್ ಗ್ರೌಟನ್ನೂ ತಿನ್ನುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಎರಡು ರೂಪಾಯಿ ನಾಣ್ಯದಿಂದ ತಟ್ಟಿ ನೋಡಿದೆ. ಬಿರುಕುಗಳು ಹೆಚ್ಚಿರುವ ಕಡೆ, ಒಲೆಯ ನೇರ ಹಿಂದಿನ ಎರಡು ಟೈಲ್ಸ್ ಟೊಳ್ಳಾಗಿ ಸದ್ದು ಮಾಡುತ್ತಿವೆ. ಅವೆರಡನ್ನು ಬಿಡಿಸಿ ಮತ್ತೆ ಕೂರಿಸಿದ ಮೇಲೆಯೇ ಗ್ರೌಟ್ ಕೆಲಸಕ್ಕೆ ಕೈಹಾಕುತ್ತೇನೆ. ಸಿಂಕಿನ ಬಳಿಯ ಸಿಲಿಕೋನನ್ನು ಈ ಭಾನುವಾರವೇ ಕೀಳುತ್ತೇನೆ.