ಹೆಗಲಿಗೆ ಸೂಜಿ ಅಂದರೆ ನನಗೆ ಎದೆ ಧಸಕ್ ಅನ್ನುತ್ತದೆ ಸವಿತಾ

ಸವಿತಾ, ನಿನ್ನ ಮೆಸೇಜ್ ಈಗ ನೋಡಿದೆ ಕಣಮ್ಮ. ಅಪ್ಪನ ಬಲಗಡೆ ಹೆಗಲು ಹಿಡಿದುಕೊಂಡಿದೆ, ಮೈಸೂರಿನ ಫಿಸಿಯೋ ಡ್ರೈ ನೀಡ್ಲಿಂಗ್ ಮಾಡೋಣ ಅಂದಿದ್ದಾರೆ, ಮಾಡಿಸಬಹುದಾ ಅತ್ತೆ ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ಕಣ್ಣು ಸರಿಯಾಗಿ ಕಾಣಲ್ಲ, ಮಾತಲ್ಲೇ ಹೇಳುತ್ತೇನೆ. ಎಲ್ಲರೂ ಪೂರ್ತಿ ಕೇಳಿ, ಅರ್ಧಕ್ಕೆ ಬಿಡಬೇಡಿ.

ನಿಮ್ಮ ಮಾವನಿಗೆ ಆಗಿದ್ದು ಗೊತ್ತಲ್ಲ. ಆ ವರ್ಷ ಕಬ್ಬು ಕಡಿಸುವ ಸಮಯ, ಹೆಗಲು ಕಲ್ಲಾಗಿತ್ತು. ಯಾರೋ ಹೇಳಿದರು ಅಂತ ಮೈಸೂರಿನಲ್ಲಿ ಒಂದು ಮಹಡಿ ಮೇಲಿನ ಸೆಂಟರಿಗೆ ಹೋದೆವು. ಅಲ್ಲಿ ಮಾಡಿದ್ದೂ ಇದೇ ಡ್ರೈ ನೀಡ್ಲಿಂಗ್. ಇಂಜೆಕ್ಷನ್ ಸೂಜಿಯಲ್ಲ ಅದು, ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ಒಳಗೆ ತೂತಿಲ್ಲ, ಮದ್ದೂ ಇಲ್ಲ. ಸ್ನಾಯು ಗಂಟು ಕಟ್ಟಿರುವ ಜಾಗ ಹುಡುಕಿ ಚುಚ್ಚುತ್ತಾರೆ. ಅಲ್ಲಿ ಪಟ್ ಅಂತ ಎಗರುತ್ತದೆ, ಆಮೇಲೆ ಬಿಗಿ ಸಡಿಲ ಆಗುತ್ತದೆ. ಅಲ್ಲಿ ಸೂಜಿ ಹಾಕುವ ಹುಡುಗ ಏನೂ ಕೇಳಲಿಲ್ಲ. ಯಾವ ಮಾತ್ರೆ ತಗೋತೀರಿ ಅಂತಲೂ ಕೇಳಲಿಲ್ಲ. ಇವರನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆ ಬುಡದಲ್ಲಿ ಮೇಲಿನಿಂದ ನೇರ ಕೆಳಕ್ಕೆ ಇಳಿಸಿದ.

ಬಸ್ಸು ಶ್ರೀರಂಗಪಟ್ಟಣ ದಾಟುವಾಗ ಒಣ ಕೆಮ್ಮು ಶುರುವಾಯಿತು. ಗ್ಯಾಸು ಅಂದರು ನಿಮ್ಮ ಮಾವ. ಮನೆಗೆ ಬಂದರೆ ಮಲಗೋಕಾಗಲ್ಲ, ಉಸಿರು ಎಳೆದರೆ ಎದೆ ಚುಚ್ಚುತ್ತದೆ. ರಾತ್ರಿಯೇ ಆಸ್ಪತ್ರೆ, ಎಕ್ಸ್-ರೇ. ಸೂಜಿ ಶ್ವಾಸಕೋಶಕ್ಕೆ ತಾಗಿ ಸುತ್ತ ಗಾಳಿ ತುಂಬಿಕೊಂಡು ಶ್ವಾಸಕೋಶವೇ ಕುಗ್ಗಿತ್ತು. ಪಕ್ಕೆಲುಬಿನ ಮಧ್ಯೆ ಪೈಪು ಹಾಕಿದರು. ಮಂಚದ ಕೆಳಗೆ ನೀರಿನ ಬಾಟ್ಲಿ. ಅವರು ಕೆಮ್ಮಿದಾಗೆಲ್ಲ ಅದರೊಳಗೆ ಗುಳುಗುಳು ಗುಳ್ಳೆ ಏಳುತ್ತಿತ್ತು. ನಾನು ಅದನ್ನೇ ನೋಡುತ್ತಾ ಬೆಳಗು ಮಾಡಿದೆ.

ಅದಕ್ಕೇ ಹೇಳುತ್ತಿದ್ದೇನೆ: ಹೆಗಲ ಮೇಲೆ ಯಾರು ಬೇಕಾದರೂ ಚುಚ್ಚೋಕೆ ಬಿಡಬೇಡಿ. ಶ್ವಾಸಕೋಶದ ತುದಿ ಕೊರಳೆಲುಬಿಗಿಂತ ಮೇಲಕ್ಕೆ ಬಂದಿರುತ್ತದೆ. ಗೊತ್ತಿರುವವರು ಹೆಗಲಿನ ಮಾಂಸವನ್ನು ಬೆರಳಲ್ಲಿ ಹಿಡಿದು ಮೇಲೆತ್ತಿ, ಎದೆಯ ಕಡೆ ಹೋಗದ ಹಾಗೆ ಹಾಕುತ್ತಾರೆ.

ಆಗ ಆಸ್ಪತ್ರೆಗೆ ಯಾರು ಬಂದಿರಿ ಹೇಳಿ? ಈ ಗ್ರೂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದಿರಿ, ಅಷ್ಟೇ. ಪಕ್ಕದ ಮನೆ ಜಯಮ್ಮ ಸ್ಟೀಲ್ ಕ್ಯಾರಿಯರ್‌ನಲ್ಲಿ ಗಂಜಿ ತಂದಳು, ರಕ್ತಸಂಬಂಧವಲ್ಲ ಏನಲ್ಲ. ನಿಮ್ಮಪ್ಪ ಮಂಡ್ಯದಲ್ಲೇ ಇದ್ದ. ಗದ್ದೆ ಭಾಗದ ಕೋಪ ಇನ್ನೂ ಇತ್ತು, ಒಂದು ಫೋನೂ ಮಾಡಲಿಲ್ಲ. ನನ್ನ ತಮ್ಮ ಅಲ್ವಾ ಅವನು, ನಾನೇ ಎತ್ತಿ ಆಡಿಸಿದ್ದು. ಅದಕ್ಕೇ ಇಷ್ಟು ನೋವು. ಅವನೂ ಕೇಳಿಸಿಕೊಳ್ಳಲಿ.

ಇರಲಿ. ಮತ್ತೆ ಹೇಳುತ್ತೇನೆ, ಹೆಗಲ ಮೇಲೆ ಯಾರು ಬೇಕಾದರೂ ಚುಚ್ಚೋಕೆ ಬಿಡಬೇಡಿ.

ಚಿಕಿತ್ಸೆಯೇ ಕೆಟ್ಟದ್ದು ಅಂತ ನಾನು ಹೇಳಲ್ಲ. ನಮ್ಮ ಮೊಮ್ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳಲ್ಲ, ಅವಳು ಹೇಳಿದಳು, 1979ರಲ್ಲೇ ಕಾರೆಲ್ ಲೆವಿಟ್ ಅನ್ನುವ ಚೆಕ್ ಡಾಕ್ಟರು ಮದ್ದಿಲ್ಲದ ಬರೀ ಸೂಜಿಯಿಂದ ಸ್ನಾಯು ನೋವು ಇಳಿಯುವುದನ್ನು ಬರೆದಿದ್ದಾರಂತೆ. ಆದರೆ ಸೂಜಿಯ ಆರಾಮ ಜಾಸ್ತಿ ದಿನ ನಿಲ್ಲಲ್ಲ, ಜೊತೆಗೆ ವ್ಯಾಯಾಮ ಮಾಡಲೇಬೇಕು ಅಂದಳು. ನಿಮ್ಮಪ್ಪ ಅದನ್ನು ಮಾಡುತ್ತಾನಾ ಕೇಳು.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ! ನಿಮ್ಮಪ್ಪ ಜಯದೇವದಲ್ಲಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ ರಕ್ತ ಹೆಪ್ಪುಗಟ್ಟದ ಮಾತ್ರೆ ತಗೋತಿದ್ದಾನಲ್ಲ. ಆ ಮಾತ್ರೆ ತಗೊಳ್ಳುವವರಿಗೆ ಚುಚ್ಚಿದ ಕಡೆ ಒಳಗೇ ರಕ್ತ ಸೋರಿ ಬಾವು ಬರಬಹುದು. ಅದನ್ನು ಫಿಸಿಯೋಗೆ ಮೊದಲೇ ಹೇಳಬೇಕು. ಸೂಜಿಗೋಸ್ಕರ ಅಂತ ಮಾತ್ರೆ ತಾವಾಗೇ ನಿಲ್ಲಿಸಬಾರದು, ಸ್ಟೆಂಟ್ ಇರುವವರಿಗೆ ಅದು ಇನ್ನೂ ಅಪಾಯ. ಹಾರ್ಟ್ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆಯೂ ಇದೆ, ಅದನ್ನೂ ಹೇಳು. ಸೂಜಿಯ ಪ್ಯಾಕೆಟ್ ನಿಮ್ಮ ಎದುರಿಗೇ ಒಡೆಯಬೇಕು. ಮಾಡಿಸಿದ ಮೇಲೆ ಒಂದೆರಡು ದಿನ ಮೈ ನೋವು ಸಹಜ, ಹೆದರಬೇಡ. ಉಸಿರು ಸಿಕ್ಕಿಕೊಂಡರೆ, ಎದೆ ನೋವು, ಒಣ ಕೆಮ್ಮು ಬಂದರೆ ಗ್ಯಾಸು ಅಂತ ಕೂರದೆ 108ಕ್ಕೆ ಫೋನ್ ಮಾಡು.

ಸೋಮವಾರ ತಾನೇ ಹೋಗುವುದು? ಮಾತ್ರೆ ಚೀಟಿಯ ಫೋಟೋ ಇವತ್ತೇ ಫಿಸಿಯೋಗೆ ಕಳಿಸು. ನಾನೂ ಬರುತ್ತೇನೆ, ಎಷ್ಟು ಗಂಟೆಗೆ ಅಂತ ಹೇಳು.