ಬಾರು ಕಿತ್ತ ಚಪ್ಪಲಿ

“ಹುಣಸೆ ಸಾರನ್ನ ಮೂರು ಸಲ ಕುದಿಸಿದರೆ, ಅದರೊಳಗಿನ ಟಾರ್ಟಾರಿಕ್ ಆಮ್ಲ ಎಡ-ಬಲ ಬೆರಕೆ ಆಗಿಬಿಡುತ್ತಾ?” ರಾಮಣ್ಣ ಇಡ್ಲಿ ಮುರಿಯುತ್ತಾ ಕೇಳಿದರು.

“ಖಂಡಿತ ಇಲ್ಲ,” ಅಂದರು ಶಾರದಕ್ಕ. “ವಿಜ್ಞಾನಿ ಲೂಯಿ ಪಾಶ್ಚರ್ 1853ರಲ್ಲಿ ಆ ಆಮ್ಲವನ್ನ ಸಿಂಕೋನಾ ತೊಗಟೆಯ ಸಿಂಕೋನೀನ್ ಜೊತೆ ಲವಣ ಮಾಡಿ, 170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿದ ಮೇಲೇ ಬೆರಕೆ ಸಿಕ್ಕಿದ್ದು.”

“ಅಲ್ಲಮ್ಮಾ, ಒಂದೇ ವಸ್ತುವಿಗೆ ಕನ್ನಡಿಯೊಳಗಿನ ಬಿಂಬದ ಥರ ಎಡ, ಬಲ ಅಂತ ಎರಡು ಅಣು ಇರುತ್ತೆ ಅಂದ್ರೆ ಒಪ್ಪಿದೆ. ಎಡದ್ದು ಬಲದ್ದಾಗೋದು ಹೇಗೆ?”

ಸೀನ ಮಾತಾಡದೆ ಎಡಗಾಲಿನ ಹವಾಯಿ ಚಪ್ಪಲಿ ಕಳಚಿ ಮೇಜಿನ ಮೇಲಿಟ್ಟ.

“ಥೂ, ತಿಂಡಿ ಪಕ್ಕ ಇಡ್ತೀಯೇನೋ!”

“ನೋಡಿ ಅಣ್ಣಾ, ಬಾರು ಕಿತ್ತೆ. ಈಗ ಬರೀ ಅಟ್ಟೆ. ಯಾವ ಕಾಲಿಂದು?”

“ಹೀಗಿಟ್ರೆ ಎಡ, ಮಗುಚಿದ್ರೆ ಬಲ.”

“ಅಷ್ಟೇ ಕಥೆ. ಬಾರು ಅಂದ್ರೆ ಒಂದು ಹೈಡ್ರೋಜನ್. ಕ್ಷಾರ ಅದನ್ನ ಇಂಗಾಲದಿಂದ ಕಿತ್ಕೊಂಡ್ರೆ ಆ ಜಾಗ ಚಪ್ಪಟೆ ಆಗುತ್ತೆ, ಈನೋಲೇಟ್ ಅಂತೀವಿ. ವಾಪಸ್ ಬರೋ ಹೈಡ್ರೋಜನ್ ಮೇಲಿಂದ ಚುಚ್ಚಿದ್ರೂ ಕೆಳಗಿಂದ ಚುಚ್ಚಿದ್ರೂ ಶ್ರಮ ಒಂದೇ. ಬಿಟ್ಟರೆ ಕೊನೆಗೆ ಅರ್ಧ ಎಡ, ಅರ್ಧ ಬಲ. ಅದೇ ರೇಸಿಮಿಕ್.”

“ಮತ್ತೆ ಸಾರಿನಲ್ಲಿ ಯಾಕೆ ಕೀಳಲ್ಲ?”

“ಹುಳಿಯಲ್ಲಿ ಕ್ಷಾರ ಎಲ್ಲಿಂದ ಬರಬೇಕು?” ಶಾರದಕ್ಕ ಕೇಳಿದರು. “ಬೇಕಂತ್ಲೇ ಕ್ಷಾರ ಹಾಕಿದ್ರೂ ಆಮ್ಲದ ಗುಂಪು ಮೊದಲು ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು ಋಣ ವಿದ್ಯುದಂಶ ಹೊತ್ತು ಕೂರುತ್ತೆ. ಪಕ್ಕದ ಇಂಗಾಲದಿಂದ ಇನ್ನೊಂದು ಕೀಳೋದು ಅಂದ್ರೆ ದಿವಾಳಿ ಎದ್ದವನ ಮನೇಲಿ ವಸೂಲಿಗೆ ಹೋದ ಹಾಗೆ. ಆಮ್ಲ, ಆಲ್ಕೋಹಾಲ್ ಸೇರಿ ಆಗೋ ಎಸ್ಟರಿಗೆ ಆ ರಕ್ಷಣೆ ಇಲ್ಲ. ಉಮ್ಮತ್ತಿ ಗಿಡದ ಹಯೋಸಯಮೀನ್ ಅನ್ನೋ ಎಸ್ಟರ್ ತಗೊಳ್ಳಿ: ಬಾರಿರೋ ಇಂಗಾಲದ ಒಂದು ಕಡೆ ಕಾರ್ಬೊನಿಲ್, ಅಂದ್ರೆ ಇಂಗಾಲ-ಆಮ್ಲಜನಕದ ಜೋಡಿ, ಇನ್ನೊಂದು ಕಡೆ ಬೆನ್ಜೀನ್ ಉಂಗುರ. ಬಾರು ಸಡಿಲ. ಗಿಡದಲ್ಲಿ ಎಡದ್ದು, ಕ್ಷಾರ ಹಾಕಿ ಬಿಸಿ ಮಾಡಿದರೆ ಬೆರಕೆ. ಕಣ್ಣಿನ ಡಾಕ್ಟರು ಹಾಕೋ ಅಟ್ರೋಪಿನ್ ಆ ಬೆರಕೆಯೇ. ಕೆಲಸ ಹೆಚ್ಚುಕಮ್ಮಿ ಪೂರ್ತಿ ಎಡದ್ದೇ ಮಾಡೋದು.”

“ಬೆರಕೆ ಆಯ್ತು ಅಂತ ಗೊತ್ತಾಗೋದು?”

“ಪೋಲಾರಿಮೀಟರ್,” ಅಂದ ಸೀನ. “ಧ್ರುವೀಕೃತ ಬೆಳಕನ್ನ ಎಡದ್ದು ಒಂದು ಕಡೆ ತಿರುಗಿಸಿದ್ರೆ, ಬಲದ್ದು ಅಷ್ಟೇ ಇನ್ನೊಂದು ಕಡೆ; ಆ ತಿರುವು ಅಳೆಯೋ ಯಂತ್ರ. 1 ಡೆಸಿಮೀಟರ್ ನಳಿಗೆ, 589 ನ್ಯಾನೋಮೀಟರಿನ ಹಳದಿ ಬೆಳಕು. ನಳಿಗೆಯೊಳಗೆ ಗಾಳಿಗುಳ್ಳೆ ಇದ್ರೆ ರೀಡಿಂಗ್ ಕುಣಿಯುತ್ತೆ. ತಿರುವು ಇಳೀತು ಅಂತ ತಕ್ಷಣ ‘ಬೆರಕೆ’ ಅಂತ ಬರೀಲೂಬಾರದು. ನೀರಿನ ಜೊತೆ ಕ್ಷಾರ ಜಾಸ್ತಿಯಾಗಿದ್ರೆ ಎಸ್ಟರೇ ಮುರಿದು ಟ್ರೋಪೀನು, ಟ್ರೋಪಿಕ್ ಆಮ್ಲ ಅಂತ ಎರಡು ತುಂಡಾಗಿರುತ್ತೆ. ಎಡ-ಬಲ ಬೇರ್ಪಡಿಸೋ ಕೈರಲ್ ಕಾಲಮ್ಮಿನಲ್ಲಿ ಓಡಿಸಿ ಎರಡು ಪೀಕ್ ನೋಡಿದ್ರೇನೇ ಸಮಾಧಾನ.”

“ತಿರುವು ಅರ್ಧಕ್ಕೆ ಇಳಿದ್ರೆ ಎಡ ಅರ್ಧ, ಬಲ ಅರ್ಧ. ಲೆಕ್ಕ ಸರಿ ತಾನೇ?”

“ಎಲ್ಲರೂ ಬೀಳೋ ಹಳ್ಳ! 75ಕ್ಕೆ 25. ಆ 25 ಬಲ, 25 ಎಡವನ್ನ ವಜಾ ಮಾಡುತ್ತೆ. ತಿರುಗಿಸೋಕೆ ಉಳಿದದ್ದು 50. ಮತ್ತೆ ಅಷ್ಟೇ ಹೊತ್ತು ಬಿಟ್ಟರೆ 62.5ಕ್ಕೆ 37.5. ಅರ್ಧಕ್ಕರ್ಧ ಆದ ದಿನ ತಿರುವು ಸೊನ್ನೆ.”

“ಗರ್ಭಿಣಿಯರು ನುಂಗಿ ಮಕ್ಕಳು ಅಂಗವಿಕಲರಾಗಿ ಹುಟ್ಟಿದ ಥಾಲಿಡೊಮೈಡ್ ಔಷಧಿಯ ದುರಂತ ಆಯ್ತಲ್ಲ, ಒಳ್ಳೇ ರೂಪ ಒಂದನ್ನೇ ಆರಿಸಿ ಕೊಟ್ಟಿದ್ರೆ?”

“ಉಪಯೋಗವಿಲ್ಲ,” ಶಾರದಕ್ಕನ ದನಿ ತಗ್ಗಿತು. “ಬೆರಕೆಯಾಗೋಕೆ ಮೈಯೊಳಗಿನ 37 ಡಿಗ್ರಿ, ಪಿಎಚ್ 7.4 ಸಾಕು ಅದಕ್ಕೆ. ಮೈಯೊಳಗೆ ಕೆಲವೇ ಗಂಟೆಗಳಲ್ಲಿ ಒಂದು ಇನ್ನೊಂದಾಗ್ತಾ ಹೋಗುತ್ತೆ.”

ರಾಮಣ್ಣ ಚಪ್ಪಲಿ ತೊಡೆ ಮೇಲಿಟ್ಟುಕೊಂಡು ಬಾರು ತುರುಕತೊಡಗಿದರು. “ಹಾಗಾದ್ರೆ ಎಲ್ಲವೂ ಬೆರಕೆಯ ಕಡೆಗೇ.”

“ಐಬುಪ್ರೊಫೆನ್ ಬಿಟ್ಟು,” ಅಂದರು ಶಾರದಕ್ಕ. “ಮಾತ್ರೆಯಲ್ಲಿ ಆರ್, ಎಸ್ ಅನ್ನೋ ಎರಡು ಕನ್ನಡಿ ರೂಪಗಳೂ ಸಮ. ನೋವು ಇಳಿಸೋದು ಎಸ್. ಅದೂ ಆಮ್ಲವೇ, ಬಾರು ಬಿಗಿ. ಲಿವರಿನ ಕಿಣ್ವ ಆರ್‌ ರೂಪವನ್ನ ಮಾತ್ರ ಹಿಡಿದು ಕೋಎನ್‌ಜೈಮ್-ಎ ಅನ್ನೋ ಸಹಾಯಕ ಅಣುವಿಗೆ ಕಟ್ಟುತ್ತೆ. ಆಗ ಅದು ಥಯೋಎಸ್ಟರ್, ಅಂದ್ರೆ ಗಂಧಕದ ಎಸ್ಟರ್, ಬಾರು ಸಡಿಲ. ಇನ್ನೊಂದು ಕಿಣ್ವ ಮಗುಚುತ್ತೆ, ಗಂಟು ಬಿಚ್ಚಿದರೆ ಎಸ್ ಹೊರಗೆ. ಎಸ್‌ ರೂಪವನ್ನ ಮೊದಲ ಕಿಣ್ವ ಮೂಸಿಯೂ ನೋಡಲ್ಲ, ಹಾಗಾಗಿ ಒನ್‌ವೇ.”

“ತಗೋ, ರಿಪೇರಿ ಆಯ್ತು.”

ಸೀನ ಕಾಲು ತೂರಿಸಿ, ಕೆಳಗೆ ಬಗ್ಗಿ ನೋಡಿದ. “ಅಣ್ಣಾ, ಮಗುಚಿ ಹಾಕಿದ್ದೀರ. ಎರಡೂ ಬಲಗಾಲಿಂದು!”

“ಮೊದಲು ಒಂದು ಎಡ, ಒಂದು ಬಲ, ನಿನ್ನ ಲೆಕ್ಕದಲ್ಲಿ ಅದೇ ಬೆರಕೆ. ಈಗ ನೂರಕ್ಕೆ ನೂರು ಶುದ್ಧ,” ಅಂದ ರಾಮಣ್ಣ ಬಿಲ್ಲನ್ನ ಶಾರದಕ್ಕನ ಕಡೆ ಸರಿಸಿದರು.